ಹೋಳಿಗೆ ಹಾಕಿ ಕಳಿಸಿದ ಕಂಪನಿ

ಶಿವಕಿರಣನ ಮಾನ ಹರಾಜಾದದ್ದು ಒಂದು ಹೋಳಿಗೆಯಿಂದ. ಅದನ್ನೂ ಅವನೇನು ಕೇಳಿ ಹಾಕಿಸಿಕೊಂಡಿರಲಿಲ್ಲ, ತಟ್ಟೆಗೆ ತಾನಾಗಿ ಬಂದು ಬಿದ್ದಿತ್ತು.

ಶುಕ್ರವಾರ ಜಯನಗರದ ಒಂದು ಕೊರಿಯರ್ ಕಂಪನಿಯಲ್ಲಿ ಅವನಿಗೆ ಇಂಟರ್‌ವ್ಯೂ ಇತ್ತು. ಪ್ರಶ್ನೆ ಕೇಳಬೇಕಾದ ಸಾಹೇಬರು ಎಲ್ಲೋ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರಿಂದ, ಕಾದು ಕೂತವರನ್ನೆಲ್ಲ ಕ್ಯಾಂಟೀನಿಗೆ ಕಳಿಸಿದರು. ಅಲ್ಲಿ ಅಂದು ಯಾರದೋ ಹುಟ್ಟುಹಬ್ಬ, ಹೋಳಿಗೆ ಊಟ. ಊಟದ ನಂತರ ಸಾಹೇಬರು ಬಂದರು, ಎರಡು ಪ್ರಶ್ನೆ ಕೇಳಿದರು, ಆಕಳಿಸಿದರು, "ಆಯ್ತು, ತಿಳಿಸ್ತೀವಿ" ಎಂದರು. ಎಂಟು ತಿಂಗಳಿಂದ ಕೆಲಸವಿಲ್ಲದೆ ಅಲೆಯುತ್ತಿದ್ದ ಶಿವಕಿರಣನಿಗೆ ಆ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕುಮಾರಸ್ವಾಮಿ ಲೇಔಟಿನ ಬಾಡಿಗೆ ಮನೆಗೆ ವಾಪಸಾದಾಗ ತಾಯಿ ಬಸವಲಿಂಗಮ್ಮ ತಟ್ಟೆ ಇಡಲು ಹೋದರು. "ಬೇಡಮ್ಮ, ಅಲ್ಲೇ ಆಯ್ತು. ಹೋಳಿಗೆ ಹಾಕಿದ್ರು" ಎಂದಷ್ಟೇ ಹೇಳಿ ಅವನು ಮುಸುಕು ಎಳೆದುಕೊಂಡ.

ಬಸವಲಿಂಗಮ್ಮನವರಿಗೆ ಅಷ್ಟೇ ಸಾಕಾಯಿತು. ಅವರ ಕಡೆ ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿಂದು ಕಾಫಿ ಕುಡಿದು ಎದ್ದು ಬರುತ್ತಾರೆ. ಒಪ್ಪಿಗೆಯಾಗದೆ ಊಟಕ್ಕೆ ಎಲೆ ಹಾಕುವ ಪದ್ಧತಿಯೇ ಇಲ್ಲ. ಕೂರಿಸಿ, ಅದೂ ಸಿಹಿಯೂಟ ಬಡಿಸಿದರೆಂದರೆ ಮಾತುಕತೆ ಮುಗಿಯಿತೆಂದೇ ಲೆಕ್ಕ.

ಮರುದಿನ ಬೆಳಿಗ್ಗೆ ಶಿವಕಿರಣ ಕಣ್ಣು ಬಿಟ್ಟಾಗ ಮನೆಯೆಲ್ಲ ಬೆಂದ ಬೇಳೆ, ಬೆಲ್ಲ, ಏಲಕ್ಕಿಯ ಘಮ. ಅಡುಗೆಮನೆಯಲ್ಲಿ ತಾಯಿ, ಜೊತೆಗೆ ಕೆಳಗಿನ ಮನೆಯ ಓನರ್ ಹೆಂಡತಿ ಮಂಗಮ್ಮ. ಒಬ್ಬರು ಹೂರಣದ ಉಂಡೆ ಕಟ್ಟುತ್ತಿದ್ದರು, ಇನ್ನೊಬ್ಬರು ತಟ್ಟುತ್ತಿದ್ದರು.

"ಯಾವ ಹಬ್ಬಮ್ಮ ಇವತ್ತು?"

"ನಿನಗೆ ಕೆಲ್ಸ ಸಿಕ್ಕಿದ್ದೇ ಹಬ್ಬ ಕಣೋ. ಹೋಳಿಗೆ ಹಾಕಿ ಕಳ್ಸಿದ ಕಂಪ್ನಿಗೆ ನಾವೂ ಹೋಳಿಗೆಯಲ್ಲೇ ಮರ್ಯಾದೆ ಮಾಡ್ಬೇಕಲ್ವಾ? ಬೀದಿಗೆಲ್ಲಾ ಹಂಚಾಯ್ತು, ಇದು ಎರಡ್ನೇ ಸಲದ್ದು."

ಶಿವಕಿರಣ ನಿಜ ಹೇಳಿಬಿಡಬೇಕೆಂದು ಒಂದು ಹೆಜ್ಜೆ ಮುಂದಿಟ್ಟ. ಆದರೆ ತಾಯಿಯ ಮುಖ ನೋಡಿ ನಿಂತ. ಅವನ ಕೆಲಸ ಹೋದಾಗಿನಿಂದ ಆಕೆ ಅಕ್ಕನ ಬಳಗದ ವಚನ ಗಾಯನಕ್ಕೆ ಹೋಗುವುದನ್ನೇ ಬಿಟ್ಟಿದ್ದರು. ಹೋದರೆ ಎಲ್ಲರದೂ ಒಂದೇ ಪ್ರಶ್ನೆ, 'ಮಗ ಈಗ ಎಲ್ಲಿದಾನೆ?' ಇಂದು ಆಕೆ ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆ ಉಟ್ಟಿದ್ದರು, ಸಾಯಂಕಾಲ ಬಳಗಕ್ಕೂ ಹೋಗುತ್ತೇನೆಂದು ಮಂಗಮ್ಮನ ಹತ್ತಿರ ಹೇಳುತ್ತಿದ್ದರು. ಆ ಮುಖಕ್ಕೆ 'ಇಲ್ಲ' ಎನ್ನಲು ಅವನಿಂದಾಗಲಿಲ್ಲ. ತನ್ನ ಮೇಲೆ ತನಗೇ ನಾಚಿಕೆಯಾಗಿ ಮುಖ ತೊಳೆಯಲು ಹೋದ.

ಅಷ್ಟರಲ್ಲಿ ಓನರ್ ಬೋರಣ್ಣ ಮೆಟ್ಟಿಲು ಹತ್ತಿ ಬಂದರು. ಹಿಂದೆ ಈ ಲೇಔಟಿನ ಜಾಗದಲ್ಲಿ ರಾಗಿ ಬೆಳೆದ ಮನೆತನ ಅವರದು, ಈಗ ಬಾಡಿಗೆದಾರರನ್ನು ಬೆಳೆಯುತ್ತಿದ್ದರು. ನಿನ್ನೆಯವರೆಗೆ 'ಏನಪ್ಪಾ ಕಿರಣ' ಎನ್ನುತ್ತಿದ್ದವರು ಇಂದು ಕೈಮುಗಿದೇ ಬಂದರು.

"ಸಾರ್! ಒಂದ್ ಮಾತೂ ಹೇಳ್ದೆ ಇದ್ಬಿಟ್ರಲ್ಲ ಸಾರ್!"

"ಬೋರಣ್ಣ, ಅದು ಇನ್ನೂ ಏನೂ…"

"ಗೊತ್ತು ಬಿಡಿ. ಆರ್ಡರ್ ಕೈಗೆ ಬರೋತನ್ಕ ಹೇಳ್ಬಾರ್ದು, ದೃಷ್ಟಿ ಆಯ್ತದೆ. ನಮ್ ದೀಪಕ್‌ನೂ ಅಲ್ಲಿಗೇ ಕಳ್ಸಿದೀನಿ. ಇವತ್ತು ಅದ್ಯಾವ್ದೋ ವಾಕ್-ಇನ್ ಅಂತೆ, ಮೊಬೈಲಲ್ಲಿ ನೋಡ್ದ. 'ಮೇಲ್ಮನೆ ಸಾರ್ ಕಳ್ಸವ್ರೆ ಅಂತ ಧೈರ್ಯವಾಗಿ ಹೇಳು' ಅಂದಿದೀನಿ. ಬಿಕಾಂ ಮುಗ್ಸಿ ಮನೇಲೇ ಕುಂತವ್ನೆ, ನಿಮ್ ಕೈಗೇ ಹಾಕಿದೀನಿ ಸಾರ್."

ಶಿವಕಿರಣನಿಗೆ ದಿಗಿಲಾಯಿತು. ದೀಪಕ್ ಅಲ್ಲಿ ಬಾಯಿ ಬಿಟ್ಟರೆ, 'ಯಾವ ಸಾರಪ್ಪಾ?' ಎಂದು ಅವರು ನಗುತ್ತಾರೆ. ಆ ನಗು ಸಂಜೆಯೊಳಗೆ ಈ ಬೀದಿಗೆ ಬಂದು ಮುಟ್ಟುತ್ತದೆ. ದೀಪಕ್‌ಗೆ ಫೋನ್ ಮಾಡಿದ. ಇಂಟರ್‌ವ್ಯೂ ಎಂದು ಅಪ್ಪನೇ ಸ್ವಿಚ್ ಆಫ್ ಮಾಡಿಸಿ ಕಳಿಸಿದ್ದರು. ಸ್ಕೂಟರಿನ ಕೀ ಹಿಡಿದು ಅವನು ಕೆಳಗೆ ಓಡಿದ.

ಗೇಟಿನ ಹತ್ತಿರ ಎದುರುಮನೆಯ ಅನಂತರಾಮು ಅಡ್ಡ ನಿಂತರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಬೀದಿಯ ಸಂಘಕ್ಕೆ ಅವರೇ ಅಧ್ಯಕ್ಷರು. ಕೈಯಲ್ಲಿ ಅರ್ಧ ಹೋಳಿಗೆ ಇತ್ತು.

"ಪೋಸ್ಟ್ ಯಾವುದಪ್ಪಾ?"

"ಅಕೌಂಟ್ಸ್ ಅಂಕಲ್, ಅರ್ಜೆಂಟಿದೆ."

"ಮ್ಯಾನೇಜರ್ರಾ?"

ಅದೇ ಹೊತ್ತಿಗೆ ಶಿವಕಿರಣ ಹೆಲ್ಮೆಟ್ ಹಾಕಿಕೊಳ್ಳಲು ತಲೆ ಬಗ್ಗಿಸಿದ. ಅನಂತರಾಮು ಅದನ್ನು ಹೌದೆಂದು ತಿಳಿದರು. ಅವನು ಬೀದಿಯ ತುದಿ ಮುಟ್ಟುವುದರೊಳಗೆ ಬೀದಿಯ ಪಾಲಿಗೆ ಅವನು ಮ್ಯಾನೇಜರ್ ಆಗಿದ್ದ.

ಬನಶಂಕರಿ ಸಿಗ್ನಲ್ಲಿನಲ್ಲಿ ಬಸ್ಸುಗಳ ನಡುವೆ ಸಿಕ್ಕಿ, ಬೈಸಿಕೊಂಡು, ಬೈದು, ಅಂತೂ ಕಂಪನಿ ತಲುಪಿದ. ಗೇಟಿನ ಮುಂದೆ ಉದ್ದದ ಸಾಲು. ಸೆಕ್ಯುರಿಟಿಯ ಮರೆಪ್ಪ ಅವನನ್ನು ನೋಡಿದ್ದೇ ಗುರುತು ಹಿಡಿದು ಗಟ್ಟಿಯಾಗಿಯೇ ಹೇಳಿದ:

"ಸಾರ್, ನಿನ್ನೆ ಬಂದಿದ್ರಲ್ವಾ? ಇವತ್ತು ಶನಿವಾರ ಸಾರ್, ಊಟ ಇರಲ್ಲ. ಕ್ಯಾಂಟೀನ್ ರಜ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬಿಬ್ಬರು ನಕ್ಕರು. ಎಂಟು ತಿಂಗಳಲ್ಲಿ ಎಷ್ಟೋ ಬಾಗಿಲುಗಳಿಂದ ಬೇಡವೆನ್ನಿಸಿಕೊಂಡು ಬಂದಿದ್ದ ಶಿವಕಿರಣ. ಆದರೆ ಊಟಕ್ಕೆ ಬಂದವನೆಂದು ಅನ್ನಿಸಿಕೊಂಡದ್ದು ಇದೇ ಮೊದಲು.

"ಊಟಕ್ಕಲ್ಲಪ್ಪ. ಒಳಗಿರೋ ಒಬ್ಬ ಹುಡುಗನ್ನ ಕರೀಬೇಕು."

"ಒಳಗೆ ಹೋದವ್ರನ್ನ ಕರಿಯಂಗಿಲ್ಲ ಸಾರ್. ಸೈಡಿಗೆ ನಿಂತ್ಕೊಳಿ."

ಸೈಡಿಗೆ, ಎಳನೀರು ಗಾಡಿಯ ನೆರಳಿನಲ್ಲಿ ನಿಂತ. ಸಾಲು ಕರಗಿತು, ಬಿಸಿಲು ಇಳಿಯಿತು, ದೀಪಕ್ ಬರಲೇ ಇಲ್ಲ. ಇನ್ನೊಂದು ಗೇಟಿನಿಂದ ಹೋಗಿರಬೇಕು, ಮನೆಯಲ್ಲಿ ಎಲ್ಲ ಬಯಲಾಗಿರಬೇಕು ಎಂದುಕೊಂಡ. ಯಾರೋ ಹೇಳುವ ಮೊದಲು ತಾನೇ ಹೇಳಿಬಿಡುವುದು ಮೇಲು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದ.

ಬಂದು ನೋಡಿದರೆ ಮನೆ ಮುಂದೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ನಡುವಿನ ಕುರ್ಚಿಗೆ ಅವನನ್ನು ಹಿಡಿದು ಕೂರಿಸಿದರು. ರಾಜ್ಯೋತ್ಸವದಲ್ಲಿ ಮಿಕ್ಕಿದ್ದ ಮೈಸೂರು ಪೇಟವೊಂದು ಅವನ ತಲೆಯೇರಿತು, ಹೆಗಲಿಗೆ ಶಾಲು ಬಿತ್ತು. ಪೇಟ ಎರಡು ಸೈಜು ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಮುಂದಿನ ಸಾಲಿನಲ್ಲಿ ತಾಯಿ, ಸುತ್ತ ಬಳಗದ ಹೆಂಗಸರು.

"ಎಷ್ಟೋ ಕಡೆ ಬೇಡ ಅಂದ್ರೂ ಎದೆಗುಂದದೆ, ಕೊನೆಗೂ ಮ್ಯಾನೇಜರ್ ಹುದ್ದೆ ಗಳಿಸಿದ ನಮ್ಮ ಬೀದಿಯ ಹೆಮ್ಮೆಯ ಪುತ್ರ…" ಎಂದು ಅನಂತರಾಮು ಶುರು ಮಾಡಿದರು.

"ಅಂಕಲ್, ದಯವಿಟ್ಟು ಒಂದ್ನಿಮಿಷ. ನಾನು ಒಂದು ವಿಷಯ ಹೇಳ್ಬೇಕು" ಎಂದು ಶಿವಕಿರಣ ಎದ್ದು ನಿಂತ. ಅದೇ ಕ್ಷಣಕ್ಕೆ ಫೋನ್ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

"ಕಂಪ್ನಿಯವ್ರೇ ಇರ್ಬೇಕು. ಸ್ಪೀಕರ್ ಹಾಕೋ, ಎಲ್ರೂ ಕೇಳ್ಲಿ" ಎಂದರು ಬಸವಲಿಂಗಮ್ಮ. ಅವನು ಹಾಕಲಿಲ್ಲ. ಪಕ್ಕದಲ್ಲಿದ್ದ ಬೋರಣ್ಣ ಕೈ ಚಾಚಿ ಹಾಕಿಯೇಬಿಟ್ಟರು.

"ನಮಸ್ಕಾರ ಶಿವಕಿರಣ್ ಅವ್ರೇ" ಎಂದು ಒಂದು ಧ್ವನಿ ಕಾಗದ ಓದುವಂತೆ, ಒಂದೇ ಉಸಿರಿಗೆ ಹೇಳತೊಡಗಿತು. "ನಿನ್ನೆ ಇಂಟರ್‌ವ್ಯೂಗೆ ಬಂದಿದ್ದಕ್ಕೆ ಥ್ಯಾಂಕ್ಸ್. ನಿಮ್ಮ ಅನುಭವ ತುಂಬಾ ಚೆನ್ನಾಗಿದೆ. ಆದ್ರೆ ಸದ್ಯಕ್ಕೆ ನಿಮ್ಮನ್ನ ತಗೊಳ್ಳೋಕೆ ಆಗ್ತಿಲ್ಲ. ನಿಮ್ಮ ಭವಿಷ್ಯಕ್ಕೆ ಆಲ್ ದಿ ಬೆಸ್ಟ್."

ಬೋರಣ್ಣ ಫೋನಿಗೆ ಕಿವಿ ಹಚ್ಚಿದರು.

"ಲೇ, ದೀಪು? ನೀನೇನ್ಲಾ?"

ಆ ಕಡೆ ಧ್ವನಿ ತಡವರಿಸಿತು. "ಅಪ್ಪಾ? ಅಯ್ಯೋ, ಇದು ಮೇಲ್ಮನೆ ಅಣ್ಣನ ನಂಬರ್ರಾ? ಕಂಪ್ಯೂಟ್ರು ತಾನೇ ಡಯಲ್ ಮಾಡುತ್ತಪ್ಪ, ಬಂದ ಹೆಸ್ರನ್ನ ಹಂಗೇ ಓದ್ಬಿಟ್ಟೆ. ನನಗೆ ಕೆಲ್ಸ ಆಯ್ತು! ಇವತ್ತಿಂದ್ಲೇ ಕೂತ್ಕೋ ಅಂದ್ರು. ಕಂಪ್ನಿ ಬೇಡ ಅಂದವ್ರಿಗೆಲ್ಲಾ ಫೋನ್ ಮಾಡಿ ಹೇಳೋದು ನನ್ ಕೆಲ್ಸ."

ಶಿವಕಿರಣ ಪೇಟದೊಳಗೇ ಮುಖ ಮರೆಸಿಕೊಳ್ಳಲು ಸಾಧ್ಯವೇ ಎಂದು ನೋಡಿದ. ತಾಯಿಯ ಕಡೆ ತಿರುಗುವ ಧೈರ್ಯ ಬರಲಿಲ್ಲ. ಎಲ್ಲರೂ ಎದ್ದು ಹೋಗುವುದನ್ನೇ ಕಾಯುತ್ತ ತಲೆ ತಗ್ಗಿಸಿ ನಿಂತ.

ಯಾರೂ ಎದ್ದು ಹೋಗಲಿಲ್ಲ. ಬೋರಣ್ಣ ಹಣೆ ಚಚ್ಚಿಕೊಂಡರು.

"ಅದಕ್ಕೇ ಬೆಳಿಗ್ಗೆ ಬಿದ್ದಂಬೀಳ ಸ್ಕೂಟ್ರು ಹತ್ತಿ ಓಡಿದ್ದು! ನಮ್ ಹುಡುಗನ ವಿಷ್ಯ ಹೇಳಿದ್ದೇ ತಡ, ಹೋಗಿ ತಮ್ ಸೀಟು ಬಿಟ್ಕೊಟ್ಟು ಬಂದವ್ರೆ ಪುಣ್ಯಾತ್ಮ!"

"ಇಲ್ಲ ಬೋರಣ್ಣ, ನಾನು ಹಂಗೆಲ್ಲ ಏನೂ ಮಾಡಿಲ್ಲ!"

"ನೋಡಿ, ಎಂಥ ವಿನಯ!" ಎಂದರು ಅನಂತರಾಮು, ಕಣ್ಣೊರೆಸಿಕೊಂಡು. ಚಪ್ಪಾಳೆ ಬಿತ್ತು. ಮಂಗಮ್ಮ ಆರತಿ ತಟ್ಟೆಯನ್ನೇ ತಂದರು. ಬಳಗದ ರುದ್ರಮ್ಮ ತಮ್ಮ ಮಗನ ಬಯೋಡೇಟಾ ಅವನ ವಾಟ್ಸಾಪಿಗೆ ಅಲ್ಲೇ ಕಳಿಸಿದರು. ಅವನು ಮತ್ತೆ ಮತ್ತೆ ನಿಜ ಹೇಳಿದ, ಹೇಳಿದಷ್ಟೂ ಚಪ್ಪಾಳೆ ಜೋರಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಮಾಡದ ತ್ಯಾಗಕ್ಕೆ ಆರತಿ ಎತ್ತಿಸಿಕೊಳ್ಳುವ ಅವಮಾನವನ್ನು ತಡೆಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

"ಸಾರ್, ಮಂಗಳವಾರ ನಿಮ್ಗೆ ಜೆ.ಪಿ. ನಗರದಲ್ಲಿ ಇನ್ನೊಂದು ಇಂಟರ್‌ವ್ಯೂ ಐತಂತಲ್ಲ" ಎಂದರು ಬೋರಣ್ಣ. "ನನ್ ತಂಗಿ ಮಗ ವೇಣು ಅವ್ನೆ. ನಿಮ್ ಜೊತೇಲೇ ಕಳಿಸ್ತೀನಿ." ಅವನು ಉತ್ತರಿಸುವ ಮೊದಲೇ ಅದು ನಿಶ್ಚಯವಾಗಿತ್ತು.

ಎಲ್ಲ ಮುಗಿದು ಮೇಲೆ ಬಂದಾಗ ಶಿವಕಿರಣ ಪೇಟ ತೆಗೆದು ಮೂಲೆಗಿಟ್ಟ. "ಅಮ್ಮಾ, ನಾನು ಯಾರಿಗೂ ಏನೂ ಬಿಟ್ಕೊಡ್ಲಿಲ್ಲ. ನನಗೆ ಸಿಕ್ಕೇ ಇರ್ಲಿಲ್ಲ. ನಿನ್ನ ಮುಖ ನೋಡಿ ಹೇಳೋಕಾಗ್ಲಿಲ್ಲ" ಎಂದ.

"ಫೋನ್ ಬಂದಾಗ್ಲೇ ಗೊತ್ತಾಯ್ತು ಬಿಡು" ಎಂದರು ಬಸವಲಿಂಗಮ್ಮ. "ತಪ್ಪು ನಂದೇ."

ಅಷ್ಟರಲ್ಲಿ ದೀಪಕ್ ಓಡುತ್ತ ಮೇಲೆ ಬಂದು, "ಸಾರಿ ಅಣ್ಣಾ, ಗೊತ್ತಾಗ್ಲಿಲ್ಲ" ಎಂದು ಬಾಗಿಲಲ್ಲಿ ನಿಂತ. ಮುಖ ಬಾಡಿತ್ತು. ಬಸವಲಿಂಗಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮಧ್ಯಾಹ್ನ ನಿನಗೆ ಊಟಕ್ಕೆ ಏನ್ ಹಾಕಿದ್ರಪ್ಪಾ ಅಲ್ಲಿ?"

"ಊಟಾನಾ? ಕ್ಯಾಂಟೀನ್ ರಜ ಆಂಟಿ. ಒಂದ್ ಲೋಟ ಟೀನೂ ಕೊಡ್ಲಿಲ್ಲ."

ಬಸವಲಿಂಗಮ್ಮ ಎದ್ದು ಅಡುಗೆಮನೆಗೆ ಹೋದರು. ದೀಪಕ್‌ಗೆ ಎರಡು ಹೋಳಿಗೆ, ತುಪ್ಪ ಹಾಕಿ ಕೊಟ್ಟು ಕೆಳಗೆ ಕಳಿಸಿದರು. ಆಮೇಲೆ ಮಗನ ಹತ್ತಿರ ಬಂದು ದನಿ ತಗ್ಗಿಸಿದರು.

"ಮಂಗಳವಾರ ಹೋದ ಕಡೆ ನೀನು ಒಂದ್ ತೊಟ್ಟು ನೀರೂ ಮುಟ್ಬೇಡ. ಜೊತೆಗೆ ಬರ್ತಾನಲ್ಲ ಆ ವೇಣು, ಅವನಿಗೆ ಮಾತ್ರ ಹೊಟ್ಟೆ ತುಂಬ ತಿನ್ಸು."