ಎಲ್ವಿಯೊ ಮಾವ ನೋಡಿದ ಕೊನೆಯ ರೇಸು

ಅಡುಗೆಮನೆಯ ಕಿಟಕಿ ತೆರೆದಿತ್ತು. ಆ ದಿನದ ರಾದ್ಧಾಂತಕ್ಕೆಲ್ಲ ಅದೇ ಮೂಲ. ಭಾನುವಾರ ಬೆಳಿಗ್ಗೆ ಏಳೂವರೆಗೆ ಅಂಚೆಯವ ಎಲ್ವಿಯೊ ಹಾಲುಕಾಫಿಗೆ ಬಿಸ್ಕತ್ತು ಅದ್ದುತ್ತಾ ಹೆಂಡತಿ ಇರ್ಮಾಳಿಗೆ, "ಇವತ್ತು ನಾನು ರೇಸ್ ನೋಡ್ತೀನಿ" ಅಂದುಬಿಟ್ಟ.

ಕಿಟಕಿಯ ಕೆಳಗೆ ಹಾದುಹೋಗುತ್ತಿದ್ದ ಬೇಕರಿಯವಳು ನಿಂತಲ್ಲೇ ನಿಂತಳು. ಎಂಟು ಗಂಟೆಯೊಳಗೆ ರೊಕ್ಕಾಸ್ಪಿನಾ ಊರಿಗೆ ಊರೇ ಆ ಮಾತು ಕೇಳಿಸಿಕೊಂಡಿತ್ತು.

ಬೇರೆ ಯಾರಾದರೂ ಹೀಗಂದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಮೋಟಾರುಬೈಕ್ ರೇಸಿನಲ್ಲಿ ಏಳು ಸಲ ವಿಶ್ವ ಚಾಂಪಿಯನ್ ಆದ ನೆವಿಯೊ ಈ ಎಲ್ವಿಯೊನ ಸ್ವಂತ ಅಕ್ಕನ ಮಗ. ಅವನಿಗೆ ಎರಡು ಚಕ್ರದ ಮೇಲೆ ಕೂರುವುದನ್ನು ಕಲಿಸಿದವನೇ ಎಲ್ವಿಯೊ, ಅದೂ ಸರ್ಕಾರಿ ಅಂಚೆ ಮೊಪೆಡ್ಡಿನ ಮೇಲೆ. ಅಂಥ ಮಾವ ಆ ಏಳು ಗೆಲುವಿನಲ್ಲಿ ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಊರಿನವರು ನೋಡಗೊಟ್ಟಿರಲಿಲ್ಲ.

ಹದಿನೈದು ವರ್ಷದ ಹಿಂದೆ ನೆವಿಯೊನ ಮೊದಲ ದೊಡ್ಡ ರೇಸಿನ ದಿನ, ಇನ್ನೂ ಎರಡು ಸುತ್ತು ಬಾಕಿ ಇರುವಾಗಲೇ, ಎಲ್ವಿಯೊ ಬಾರಿನಲ್ಲಿ ಎದ್ದು ನಿಂತು "ಗೆದ್ದ ನಮ್ಮ ಹುಡುಗ!" ಎಂದು ಕೂಗಿದ್ದ. ಮುಂದಿನ ತಿರುವಿನಲ್ಲೇ ಹುಡುಗ ಬಿದ್ದು ಭುಜದ ಮೂಳೆ ಮುರಿದುಕೊಂಡ. ಇನ್ನೊಂದು ಸಲ ಎಲ್ವಿಯೊ ಬೆಂಕಿಪೊಟ್ಟಣಕ್ಕೆಂದು ಬಾರಿಗೆ ಬಂದು ಟಿವಿಯತ್ತ ಕತ್ತು ತಿರುಗಿಸಿದ್ದಷ್ಟೇ, ನೆವಿಯೊನ ಎಂಜಿನ್ನಿನಿಂದ ಹೊಗೆ ಎದ್ದಿತು. ಮೊದಲ ಚಾಂಪಿಯನ್ ಪಟ್ಟ ಬಂದಾಗ ಎಲ್ವಿಯೊ ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ತೆಗೆಸಿಕೊಳ್ಳುತ್ತಿದ್ದ. ಎರಡನೆಯದು ಬಂದಾಗ ಅತ್ತೆಯ ಮಣ್ಣಿಗೆ ಹೋಗಿದ್ದ. ಇಷ್ಟಾದ ಮೇಲೆ, ಎಲ್ವಿಯೊ ನೋಡಿದರೆ ಹುಡುಗ ಸೋಲುತ್ತಾನೆ ಎನ್ನಲು ಊರಿನ ಅಭಿಮಾನಿ ಸಂಘದವರಿಗೆ ಬೇರೆ ಪುರಾವೆ ಬೇಕಾಗಲಿಲ್ಲ. ದೊಡ್ಡ ರೇಸು ಬಂದಾಗಲೆಲ್ಲ ಸಂಘದ ಖರ್ಚಿನಲ್ಲೇ ಅವನನ್ನು ಲೊರೆಟೊ ಮಾತೆಯ ಯಾತ್ರೆಗೆ ಬಸ್ಸು ಹತ್ತಿಸುತ್ತಿದ್ದರು. ಅವನ ಮುಖ ನೋಡಿ ನೋಡಿ ಮಾತೆಗೂ ಬೇಸರ ಬಂದಿರಬೇಕು.

ಅವನು ಕಾಗದ ಹಂಚುತ್ತಾ ಬಂದರೆ ಜನ ಅಪಶಕುನ ಕಳೆಯಲು ಕಬ್ಬಿಣ ಮುಟ್ಟುತ್ತಿದ್ದರು. ಅವನ ದಾರಿಯ ಗೇಟುಗಳಲ್ಲೆಲ್ಲ ಕೈ ತಾಗುವಷ್ಟು ಎತ್ತರದಲ್ಲಿ ಬಣ್ಣ ಸವೆದಿತ್ತು. ಗೇಟು ದೂರವಿದ್ದವರು ಜೇಬಿನ ಬೀಗದ ಕೈಗಳನ್ನು ಮುಟ್ಟಿಕೊಳ್ಳುತ್ತಿದ್ದರು. ಇದೆಲ್ಲ ನಿಜವೋ ಸುಳ್ಳೋ ಎಲ್ವಿಯೊನಿಗೇ ಗೊತ್ತಿರಲಿಲ್ಲ. ಕೆಲವೊಮ್ಮೆ ಕ್ಷೌರ ಮಾಡಿಕೊಳ್ಳುವಾಗ ಕನ್ನಡಿ ನೋಡಿ ತಾನೇ ನಲ್ಲಿ ಮುಟ್ಟಿದ್ದುಂಟು.

ಆದರೆ ಹಿಂದಿನ ಸಂಜೆ ನೆವಿಯೊ ಸ್ಪೇನಿನಿಂದ ಫೋನು ಮಾಡಿದ್ದ. "ಮಾವ, ಇಲ್ಲಿ ಒಂದೇ ಸಮ ಮಳೆ. ನಾಳೆಯೂ ಬಿಡೋ ಹಾಗಿಲ್ಲ. ಗೆದ್ರೆ ಎಂಟನೇ ಪಟ್ಟ. ಗೆಲ್ಲಲಿ ಬಿಡಲಿ, ಇದೇ ನನ್ನ ಕೊನೇ ರೇಸು. ಒಂದ್ಸಲನಾದ್ರೂ ನೀನು ನೋಡ್ಬೇಕು." ಆ ಮಾತು ಕೇಳಿ ಎಲ್ವಿಯೊನಿಗೆ ರಾತ್ರಿಯೆಲ್ಲ ನಿದ್ದೆ ಹತ್ತಿರಲಿಲ್ಲ. ಇವತ್ತು ಬಿಟ್ಟರೆ ಇನ್ನಿಲ್ಲ.

ಎಂಟೂ ಕಾಲಿಗೆ ಬಾರಿನ ಯಜಮಾನ, ಸಂಘದ ಅಧ್ಯಕ್ಷ ಡೆರ್ನೊ ಬಾಗಿಲು ಬಡಿದ. ಒಂದು ಕೈ ಆಗಲೇ ಜೇಬಿನಲ್ಲಿತ್ತು.

"ಎಲ್ವಿಯೊ, ನಿಂಗೆ ಏನ್ ಬಂದಿದೆ ದೊಡ್ಡ ರೋಗ? ಹದಿನೈದು ವರ್ಷ ಸುಮ್ನಿದ್ದೋನು ಕೊನೇ ದಿನ ಬಂದು ಹುಡುಗನ ಕತ್ತು ಮುರೀತೀಯಾ?"

"ಅವನೇ ನೋಡು ಅಂದಿದಾನೆ ಕಣೋ."

"ಅವನು ಒಳ್ಳೆಯವನು, ಅಂತಾನೆ. ನಿನಗಾದ್ರೂ ಬುದ್ಧಿ ಬೇಡ್ವಾ?"

ಇರ್ಮಾ ಒಲೆಯ ಹತ್ತಿರದಿಂದಲೇ ಕೂಗಿದಳು: "ನಮ್ಮನೆ ಟಿವಿ, ನಮ್ಮ ಹುಡುಗ. ನೋಡಿದ್ರೆ ನಿನಗೇನಯ್ಯಾ ನಷ್ಟ?" ಹೇಳಿದ್ದು ಹಾಗೆ, ಆದರೆ ಅವಳ ಒಂದು ಕೈ ಕಬ್ಬಿಣದ ಬಾಣಲೆಯ ಹಿಡಿಯ ಮೇಲಿತ್ತು. ಎಲ್ವಿಯೊ ಅದನ್ನು ನೋಡಿ ತಲೆ ತಗ್ಗಿಸಿದ.

ಹತ್ತು ಗಂಟೆಯ ಪೂಜೆಯಲ್ಲಿ ಪಾದ್ರಿ ಡಾನ್ ಸೆರಾಫಿನೊ ಶಕುನ ಅಪಶಕುನ ನಂಬುವುದು ಮಹಾಪಾಪವೆಂದು ಅರ್ಧ ಗಂಟೆ ಬೋಧಿಸಿದರು. ಎಲ್ವಿಯೊನ ಎದೆ ಹಗುರಾಯಿತು. ಪೂಜೆ ಮುಗಿದದ್ದೇ ಪಾದ್ರಿ ಅವನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದರು.

"ಮಗೂ, ಒಂದು ಉಪಕಾರ ಆಗ್ಬೇಕಲ್ಲಾ. ನೆವಿಯೊ ಗೆದ್ರೆ ಗಂಟೆ ಬಾರಿಸೋದು ನಮ್ಮೂರ ಪದ್ಧತಿ, ನಿನಗೆ ಗೊತ್ತಲ್ಲ. ಬಾರಿಸೋನಿಗೆ ಸೊಂಟ ಹಿಡಿದಿದೆ. ಸ್ವಂತ ಮಾವ ಬಾರಿಸಿದ್ರೆ ಎಷ್ಟು ಚೆಂದ!"

"ಗೋಪುರದಲ್ಲಿ ಟಿವಿ ಇಲ್ವಲ್ಲಾ, ಫಾದರ್?"

"ಇಲ್ಲ," ಅಂದರು ಪಾದ್ರಿ ನಿಟ್ಟುಸಿರು ಬಿಟ್ಟು. "ದೇವರ ಇಚ್ಛೆ." ಅವರ ಬೆರಳು ನಿಲುವಂಗಿಯೊಳಗೆ ಚರ್ಚಿನ ಬೀಗದ ಕೈಗೊಂಚಲನ್ನು ತಡವುತ್ತಿತ್ತು.

ಮಧ್ಯಾಹ್ನ ಒಂದೂವರೆಗೆ ಎಲ್ವಿಯೊ ತೊಂಬತ್ತಾರು ಮೆಟ್ಟಿಲು ಹತ್ತಿ ಮೇಲೆ ಮುಟ್ಟಿದ. ಕೆಳಗೆ ಬಾಗಿಲಿಗೆ ಬೀಗ ಬಿದ್ದ ಸದ್ದು ಕೇಳಿಸಿತು. "ಕೆಳಗಿಂದ ನಾವು ಹಳದಿ ಬಾವುಟ ಬೀಸಿದ್ರೆ ಮಾತ್ರ ಬಾರಿಸು!" ಎಂದು ಡೆರ್ನೊ ಕೂಗಿ ಹೋದ. ಪಾರಿವಾಳಗಳ ನಡುವೆ, ನವೆಂಬರಿನ ಚಳಿಯಲ್ಲಿ, ಉಣ್ಣೆಕೋಟಿನ ಕಿಸೆಯಲ್ಲಿ ಇರ್ಮಾ ಕಟ್ಟಿಕೊಟ್ಟ ಹಂದಿಮಾಂಸದ ರೊಟ್ಟಿ ಇಟ್ಟುಕೊಂಡು ಎಲ್ವಿಯೊ ಅಳು ಬಂದವನಂತೆ ಕುಳಿತ.

ಆಗ ಅವನ ಕಣ್ಣಿಗೆ ಎದುರು ಮನೆಯ ಕಿಟಕಿ ಬಿತ್ತು. ಔಷಧಿ ಅಂಗಡಿಯವನ ವಿಧವೆ ತೆಕ್ಲಾಳ ಮನೆ. ಒಳಗೆ ಬೀರುವಿನಷ್ಟು ದೊಡ್ಡ ಟಿವಿ. ಟಿವಿಯಲ್ಲಿ ಬೈಕುಗಳು!

ನೆಟ್ಟಗೆ ನಿಂತರೆ ಅರ್ಧ ಪರದೆಯೇ ಕಾಣುತ್ತಿರಲಿಲ್ಲ. ಎಡಗಾಲನ್ನು ತೊಲೆಯ ಮೇಲಿಟ್ಟು, ಬಲಗೈಯಲ್ಲಿ ಗಂಟೆಯ ಹಗ್ಗಕ್ಕೆ ಜೋತುಬಿದ್ದು, ಕತ್ತನ್ನು ಹೊರಗೆ ಚಾಚಿದರೆ ಪೂರ್ತಿ ಕಾಣುತ್ತಿತ್ತು. ಎಲ್ವಿಯೊ ಹಾಗೇ ಜೋತುಬಿದ್ದ. ನೆವಿಯೊನ ಮೂವತ್ತೊಂದನೇ ನಂಬರಿನ ಬೈಕು ಐದನೇ ಸ್ಥಾನದಲ್ಲಿತ್ತು. ಅಲ್ಲಿ ಒಳ್ಳೆ ಬಿಸಿಲು ಹೊಡೆಯುತ್ತಿತ್ತು. ಸದ್ಯ, ಮಳೆ ಬಿಟ್ಟಿತಲ್ಲ ಅಂದುಕೊಂಡ.

ನೋಡಬಹುದೋ ಬಾರದೋ? ಅವನಿಗೆ ಗೊಂದಲ. ಹೆದರಿ ಕಣ್ಣು ಮುಚ್ಚಿದ. ತೆರೆದಾಗ ನೆವಿಯೊ ನಾಲ್ಕನೆಯವನಾಗಿದ್ದ. ಇದು ಕಣ್ಣು ಮುಚ್ಚಿದ್ದಕ್ಕೋ ತೆರೆದಿದ್ದಕ್ಕೋ? ಮತ್ತೆ ಮುಚ್ಚಿ ತೆರೆದ, ಮೂರನೆಯವನು. ತೆರೆದೇ ಇಟ್ಟ, ಎರಡನೆಯವನು. ಕೊನೆಗೆ ಲೆಕ್ಕ ತಪ್ಪಿ, ಯಾವುದೂ ಅರ್ಥವಾಗದೆ, ಏನಾದರಾಗಲಿ ಎಂದು ಎರಡೂ ಕಣ್ಣು ಅಗಲಿಸಿ ನೋಡಿದ. ಕೊನೆಯ ತಿರುವಿನಲ್ಲಿ ಅವನ ಹುಡುಗ ಬೈಕನ್ನು ನೆಲಕ್ಕೆ ತಾಗುವಷ್ಟು ಬಾಗಿಸಿ ಎಲ್ಲರನ್ನೂ ಹಿಂದೆ ಹಾಕಿದ. ಅಂಚೆ ಮೊಪೆಡ್ಡಿನ ಮೇಲೂ ಅವನು ಹೀಗೇ ಬಾಗುತ್ತಿದ್ದ, ಚೀಲದ ಕಾಗದವೆಲ್ಲ ಚೆಲ್ಲಿಹೋಗುತ್ತಿತ್ತು. ಎಲ್ವಿಯೊ ಬಿಕ್ಕಿ ಬಿಕ್ಕಿ ಅತ್ತ. ಜೀವನದಲ್ಲಿ ಇಷ್ಟು ಸಂತೋಷ ಅವನಿಗೆ ಯಾವತ್ತೂ ಆಗಿರಲಿಲ್ಲ.

ಬಾವುಟದ ನೆನಪು ಯಾರಿಗಿರುತ್ತದೆ? ಎರಡೂ ಕೈಯಲ್ಲಿ ಹಗ್ಗ ಹಿಡಿದು ಎಳೆದ. ಢಣ್! ಢಣ್! ಢಣ್!

ಬಾರಿನ ಬಾಗಿಲು ಧಡಾರನೆ ತೆರೆಯಿತು. ಜನ ಚೌಕಕ್ಕೆ ನುಗ್ಗಿದರು. ಎಲ್ವಿಯೊ ಕೈ ಬೀಸಿದ. ಕುಣಿಯಬೇಕಾಗಿದ್ದವರು ಮುಷ್ಟಿ ತೋರಿಸುತ್ತಿದ್ದರು.

"ನಿಲ್ಸೋ ಅನಿಷ್ಟ! ಇನ್ನೂ ಆರು ಸುತ್ತು ಇದೆ!" ಡೆರ್ನೊ ಅರಚಿದ. "ಅವನು ನಾಲ್ಕನೇ ಜಾಗದಲ್ಲಿದಾನೆ!"

"ಗೆದ್ದ ಕಣೋ! ನಾನೇ ಕಣ್ಣಾರೆ ನೋಡ್ದೆ!"

ಕೆಳಗೆ ಬೀಗ ತೆರೆಯಿತು. ಹತ್ತಿಪ್ಪತ್ತು ಜನ ದಡದಡ ಮೆಟ್ಟಿಲು ಹತ್ತತೊಡಗಿದರು, ಪಾದ್ರಿಯೇ ಎಲ್ಲರಿಗಿಂತ ಮುಂದೆ. ಎಲ್ವಿಯೊನಿಗೆ ಏನೂ ತಿಳಿಯಲಿಲ್ಲ. ಗೆದ್ದದ್ದಕ್ಕೆ ಹೊಡೆಯಲು ಬರುತ್ತಿದ್ದಾರೆಯೇ? ಅವನು ಗಂಟೆಯ ಹಿಂದೆ ಅವಿತುಕೊಂಡ. ಡೆರ್ನೊ ಅವನ ಕೊರಳಪಟ್ಟಿ ಹಿಡಿದು ಬೈಯುತ್ತಾ ಎಳೆದಾಡುತ್ತಾ ಹತ್ತು ನಿಮಿಷ ಕಳೆಯಿತು. ಆಗ ಬಾರಿನಿಂದ ಹೋ ಎಂದು ಕೂಗು ಎದ್ದಿತು. ಇರ್ಮಾ ಚೌಕದ ನಡುವೆ ನಿಂತು ಹಳದಿ ಬಾವುಟವನ್ನು ಹುಚ್ಚಿಯಂತೆ ಬೀಸುತ್ತಿದ್ದಳು.

"ಮುಂದಿದ್ದ ಮೂವರೂ ಮಳೇಲಿ ಒಬ್ಬರ ಮೇಲೊಬ್ಬರು ಬಿದ್ರು! ಗೆದ್ದ! ನಮ್ಮ ನೆವಿಯೊ ಗೆದ್ದ!"

ಕೊರಳಪಟ್ಟಿ ಹಿಡಿದಿದ್ದ ಕೈ ಅಲ್ಲೇ ಅಪ್ಪಿಕೊಂಡಿತು. ಎಲ್ವಿಯೊನನ್ನು ಹೆಗಲ ಮೇಲೆ ಹೊತ್ತು ಬಾರಿಗೆ ತಂದರು. ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಅವನ ಮುಂದೆ ಒಂದು ಲೋಟ ಕೆಂಪು ವೈನು ಬಂತು. ಸ್ವಲ್ಪ ಹೊತ್ತಿಗೆ ಫೋನೂ ಬಂತು.

"ಮಾವ! ನೋಡಿದ್ಯಾ?"

"ನೋಡ್ದೆ ಮಗನೇ! ಬಿಡದೆ ಕೊನೇ ತನಕ ನೋಡ್ದೆ!"

"ಹಾಗಾದ್ರೆ ಆ ಅಪಶಕುನ ಎಲ್ಲ ಬರೀ ಸುಳ್ಳು! ಮಾವ, ನೀನು ನೋಡಿದ್ರೂ ನಾನು ಗೆಲ್ತೀನಿ ಅಂದ್ಮೇಲೆ ಯಾಕೆ ಬಿಡ್ಲಿ? ಇನ್ನೂ ಎರಡು ವರ್ಷ ಓಡಿಸ್ತೀನಿ. ನಿನಗೋಸ್ಕರ. ಪ್ರತಿಯೊಂದನ್ನೂ ನೀನು ನೋಡ್ಬೇಕು!"

ಬಾರಿಗೆ ಬಾರೇ ಕುಣಿಯಿತು. ಅಷ್ಟರಲ್ಲಿ ತೆಕ್ಲಾ ಸೇಬಿನ ಕೇಕು ಹಿಡಿದು ಒಳಗೆ ಬಂದಳು.

"ತೆಕ್ಲಾ, ನಿನ್ನ ಟಿವಿ ದೇವರು ಕಣಮ್ಮಾ," ಎಂದ ಎಲ್ವಿಯೊ ಕಣ್ಣೊರೆಸಿಕೊಳ್ಳುತ್ತಾ. "ಎಡಗಾಲು ತೊಲೆ ಮೇಲೆ, ಬಲಗೈ ಹಗ್ಗದ ಮೇಲೆ ಇಟ್ಟು, ನಿನ್ನ ಕಿಟಕೀಲಿ ಇವತ್ತಿನ ರೇಸು ನೋಡ್ದೆ."

"ಇವತ್ತಿಂದಾ? ಇವತ್ತಿಂದು ನಾನೆಲ್ಲಿ ಹಾಕಿದ್ದೆ?" ತೆಕ್ಲಾ ಕೇಕನ್ನು ಮೇಜಿನ ಮೇಲಿಟ್ಟಳು. "ನನ್ನ ಎದೆ ತಡೆಯಲ್ಲಪ್ಪ, ಡಾಕ್ಟ್ರು ಬೇಡ ಅಂದಿದಾರೆ. ರೇಸಿನ ದಿನ ನಾನು ಹೋದ ವರ್ಷದ ರೇಸಿನ ಕ್ಯಾಸೆಟ್ ಹಾಕ್ಕೊಂಡು ಕೂತ್ಕೋತೀನಿ. ಅದ್ರಲ್ಲಾದ್ರೆ ಗೆಲ್ಲೋದು ಗ್ಯಾರಂಟಿ."

ಕುಣಿತ ನಿಂತಿತು. ಎಲ್ವಿಯೊನಿಗೆ ಟಿವಿಯಲ್ಲಿ ಕಂಡ ಆ ಬಿಸಿಲು ನೆನಪಾಯಿತು. ಲೋಟ ಕೆಳಗಿಟ್ಟ.

ಡೆರ್ನೊ ಅವನತ್ತ ಬಾಗಿದ. "ಎಡಗಾಲು ತೊಲೆ ಮೇಲೆ ಅಂದ್ಯಲ್ವಾ?"

"ಯಾಕೆ?"

"ಬಲಗೈ ಹಗ್ಗದ ಮೇಲೆ. ಆರು ಸುತ್ತು ಇರುವಾಗ ಗಂಟೆ. ಫಾದರ್, ಬರ್ಕೊಳ್ಳಿ." ಪಾದ್ರಿ ಆಗಲೇ ಪೂಜೆಯ ಚೀಟಿಯ ಹಿಂದೆ ಬರೆದುಕೊಳ್ಳುತ್ತಿದ್ದರು. "ತೆಕ್ಲಾ, ಆ ಕ್ಯಾಸೆಟ್ ಜೋಪಾನ. ಮಾರ್ಚಿಂದ ರೇಸು ಮತ್ತೆ ಶುರು, ಇವನು ಮತ್ತೆ ಗೋಪುರಕ್ಕೆ. ವರ್ಷಕ್ಕೆ ಹದಿನಾರು ರೇಸು."

"ಆಗಸ್ಟ್ ಬಿಸಿಲಲ್ಲೂನಾ?" ಎಂದ ಎಲ್ವಿಯೊ ಕ್ಷೀಣವಾಗಿ.

"ಇದೇ ಉಣ್ಣೆಕೋಟು ಹಾಕ್ಕೊಂಡು."

ಎಲ್ವಿಯೊ ಒಬ್ಬೊಬ್ಬರ ಮುಖವನ್ನೂ ನೋಡಿದ. ಕೊನೆಗೆ ಹೆಂಡತಿಯ ಕಡೆ ತಿರುಗಿದ.

"ಇವತ್ತಿನ ರೇಸಿನ ಕ್ಯಾಸೆಟ್ಟಾದ್ರೂ ಒಂದ್ಸಲ ಹಾಕಿ ತೋರಿಸಿ. ಮುಗಿದುಹೋಗಿರೋದು ತಾನೇ? ನಾನು ನೋಡಿದ್ರೆ ಇನ್ನೇನಾಗುತ್ತೆ?"

ಬಾರಿನ ತುಂಬ ಜೇಬುಗಳಲ್ಲಿ ಬೀಗದ ಕೈಗಳು ಕಿಣಿಕಿಣಿ ಎಂದವು. ಇರ್ಮಾಳ ಜೇಬಿನಲ್ಲೂ.