ಮೌಶಿಯ ಬೂಷ್ಟಿನ ಬೇಟೆ

ನಮ್ಮ ಮೌಶಿಗೆ ಯಾರಾದರೂ ತಾಜಾ ಹಣ್ಣು ತಂದುಕೊಟ್ಟರೆ ಮುಖ ಸಪ್ಪಗಾಗುತ್ತದೆ! ಅದೇ ಹಣ್ಣಿಗೆ ಹಸಿರು ಬೂಷ್ಟು ಹಿಡಿದಿದ್ದರೆ? "ಅಯ್ಯ, ಎಷ್ಟ ಚಂದ ಅದ!" ಎಂದು ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಾಳೆ. ನನ್ನ ತಾಯಿಯ ಈ ತಂಗಿ ಬೀದರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಓದಿಗೆಂದು ನಾನು ಆಕೆಯ ಮನೆಯಲ್ಲಿದ್ದಾಗ, ಫ್ರಿಜ್ ತೆಗೆಯುವ ಮುನ್ನ ಎಲ್ಲರೂ ಆಕೆಯ ಅಪ್ಪಣೆ ಕೇಳಬೇಕಿತ್ತು.

"ಇದರಾಗ ಮೊಸರಿನ ಡಬ್ಬಿ ಯಾವುದು?" ಎಂದು ಆಕೆಯ ಗಂಡ, ನಮ್ಮ ಕಾಕಾ, ಒಮ್ಮೆ ಕೇಳಿದರು.

"ಹಸರಗ ಇದ್ದದ್ದು ನಂದು. ಬೆಳ್ಳಗ ಇದ್ದದ್ದು ಮೊಸರು... ತಡೀರಿ, ತಡೀರಿ! ಅದೂ ನಂದೇ!"

ಕಾಕಾ ಅಂದಿನಿಂದ ಮೊಸರು ಬಿಟ್ಟರು. ಹೆಂಡತಿಯನ್ನು ಬಿಡಲಿಲ್ಲ. ದೊಡ್ಡ ಮನಸ್ಸು!

ಇಷ್ಟೆಲ್ಲ ಯಾಕೆ? ಕಾಗದಕ್ಕಾಗಿ! ಕಬ್ಬಿನ ಸಿಪ್ಪೆಯನ್ನು ಬೇಯಿಸಿ ತೆಗೆದ ತಿರುಳು ಕಂದು ಬಣ್ಣಕ್ಕಿರುತ್ತದೆ. ಅದನ್ನು ಬೆಳ್ಳಗೆ ಮಾಡಲು ಊರ ಹೊರಗಿನ ಸಣ್ಣ ಕಾಗದದ ಕಾರ್ಖಾನೆಯವರು ಕಣ್ಣುರಿಸುವ ಕ್ಲೋರಿನ್ ಧಾರಾಳವಾಗಿ ಸುರಿಯುತ್ತಿದ್ದರು. ಬೂಷ್ಟು ಹೊರಬಿಡುವ ಕಿಣ್ವವನ್ನು ಮೊದಲೇ ತಿರುಳಿಗೆ ಕಲಸಿದರೆ ನಾರಿಗಂಟಿದ ಕಂದು ಸಡಿಲವಾಗುತ್ತದೆ, ಆಮೇಲೆ ಕಡಿಮೆ ಕ್ಲೋರಿನ್ ಸಾಕು. ದೊಡ್ಡ ಊರುಗಳಲ್ಲಿ ಇದು ಹಳೆಯ ಸುದ್ದಿ. ಆದರೆ "ನಮ್ಮ ತಿಪ್ಪಿಯಾಗೇ ಸಿಗೋದನ್ನ ಹೊರಗಿಂದ ಯಾಕ ತರ್ಸಬೇಕು?" ಎಂಬುದು ಮೌಶಿಯ ಹಟ.

ಸರಿ, ಭಾಲ್ಕಿಗೆ ಹೋದೆವು. ಅಲ್ಲಿ ಬೆಲ್ಲ ಮಾಡುವ ಕಬ್ಬಿನ ಗಾಣವೊಂದರ ಹಿಂದಿನ ಹಳೆಯ ಸಿಪ್ಪೆಯ ರಾಶಿಗೆ ಮೌಶಿ ಮೊಣಕೈವರೆಗೆ ಕೈ ತೂರಿಸಿದ್ದೇ ತಡ, ಗಾಣದ ಮಾಲೀಕರು ಓಡಿಬಂದರು.

"ಅಕ್ಕೋರ, ಬಂಗಾರ ಕಳೀತೇನ್ರಿ?"

"ಇಲ್ರಿ ಅಣ್ಣಾ, ಕೊಳತದ್ದು ಸ್ವಲ್ಪ ಬೇಕಾಗಿತ್ತು."

"ಕೊಳತದ್ದು ಯಾಕರಿ? ಛಲೋ ಬೆಲ್ಲ ಅದ, ಒಯ್ರಿ!"

ಮೌಶಿಯ ಕಣ್ಣು ಮಿನುಗಿತು. "ಬೆಲ್ಲಕ್ಕ ಬೂಷ್ಟು ಬಂದದೇನ್ರಿ?"

ಆ ರಾಶಿಯ ಬೂಷ್ಟಿನಿಂದ ತಿಂಗಳುಗಟ್ಟಲೆ ಹೆಣಗಿ ತೆಗೆದ ಕಿಣ್ವವನ್ನು ಕಾರ್ಖಾನೆಗೆ ಒಯ್ದಳು. ಕಾರ್ಖಾನೆಯ ಮಾಲೀಕರು ಒಂದು ತೊಟ್ಟಿ ಬಿಟ್ಟುಕೊಟ್ಟರು. ಏನಾಯಿತು ಗೊತ್ತೇ? ಕಿಣ್ವ ಕಂದಿನ ಜೊತೆ ನಾರನ್ನೂ ತಿಂದು ತೇಗಿತು! ಆ ತಿರುಳಿನ ಕಾಗದ ಹಪ್ಪಳದಂತೆ ಮುರಿಯಿತು.

"ಮೇಡಂ, ಕಾಗದ ಮಾಡ್ತೇನಿ ಅಂತ ಹೇಳಿ ಅಂಬಲಿ ಮಾಡಿದ್ರಲ್ಲ!" ಎಂದರು ಮಾಲೀಕರು.

"ಇನ್ನೊಂದ್ ಸಲ ನೋಡ್ರಿ ಸಾಹೇಬ್ರ. ಈ ಸಲನೂ ಅಂಬಲಿ ಆದ್ರ ನಾನೇ ಕುಡೀತೇನಿ!"

ಅವರು ನಕ್ಕುಬಿಟ್ಟರು. ಆದರೆ ಇದೇ ಕೊನೆ, ಮತ್ತೆ ಕೇಳಬಾರದು ಎಂದರು.

ಮೌಶಿ ಇನ್ನು ಇದನ್ನು ಕೈಬಿಡುತ್ತಾಳೇನೋ ಎಂದು ನನಗೆ ಭಯವಾಯಿತು. ಆದರೆ ಮರುದಿನವೇ ನಾರನ್ನು ಮುಟ್ಟದ ಬೂಷ್ಟು ಹುಡುಕುತ್ತ ಔರಾದಿನ ಬಸ್ಸು ಹತ್ತಿದಳು! ಅಲ್ಲಿ ಕುರಿಹಟ್ಟಿಯೊಂದರ ಮಗ್ಗುಲಿಗೆ ಕೊಳೆಯುತ್ತಿದ್ದ ಮೇವು, ಗೊಬ್ಬರವನ್ನು ಚೀಲಕ್ಕೆ ತುಂಬಿದಳು. ಮರಳುವಾಗ ಇಡೀ ಬಸ್ಸು ಮೂಗು ಮುಚ್ಚಿಕೊಂಡಿತು.

"ಚೀಲದಾಗ ಏನ್ ಅದರಿ ಅವ್ವಾ?" ಎಂದ ಕಂಡಕ್ಟರ್.

"ಜೀವ ಅದಾವ್ರಿ, ಕೋಟಿಗಟ್ಲೆ!"

"ಅಷ್ಟೂ ಮಂದಿಗೆ ಟಿಕೀಟ್ ತಗೋತೀರೇನ್ರಿ?"

ಅಂದು ಮಾತಿನಲ್ಲಿ ಮೌಶಿಯನ್ನು ಸೋಲಿಸಿದ್ದು ಅವನೊಬ್ಬನೇ!

ಆ ಚೀಲದ ಒಂದು ಬೂಷ್ಟು ನಾರನ್ನು ಬಿಟ್ಟು ಕೆಲಸ ಮಾಡುವ ಲಕ್ಷಣ ತೋರಿಸಿತು. ಮತ್ತೆ ಕಾರ್ಖಾನೆ, ಮತ್ತೆ ಅದೇ ತೊಟ್ಟಿ. ಕ್ಲೋರಿನ್ ಅಳೆಯುವವನ ಕೈಯನ್ನು ಮೌಶಿ ಅರ್ಧಕ್ಕೇ ಹಿಡಿದಳು. "ಸಾಕ್ರಿ, ಬಸ್!" ಹಾಳೆ ಹೊರಬಂತು. ಬೆಳ್ಳಗಿತ್ತು. ಮಾಲೀಕರು ಎಳೆದರು, ಮಡಚಿದರು. ಮುರಿಯಲಿಲ್ಲ! ಎಲ್ಲರೂ ಹಾಳೆಯ ಸುತ್ತ ಮುತ್ತಿದರು.

ತೊಟ್ಟಿಯ ಬಳಿ ತಿರುಳು ಕಲಕುವ ಹೆಂಗಸೊಬ್ಬಳು ಮಾತ್ರ ಹಾಳೆ ನೋಡಲು ಬರಲಿಲ್ಲ. ಸೀದಾ ಮೌಶಿಯ ಮುಂದೆ ಬಂದು ನಿಂತಳು.

"ಇವತ್ತ ಕಣ್ಣ ಅಷ್ಟ ಉರೀಲಿಲ್ಲರಿ ಅಕ್ಕೋರ. ದಿನಾ ಮನಿಗಿ ಹೋದ ಕೂಡಲೇ ನನ್ನ ಮಗಳು, 'ಅವ್ವಾ, ಯಾಕ ಅತ್ತಿ?' ಅಂತ ಕೇಳ್ತದರಿ. ಇವತ್ತ ಕೇಳಲಿಕ್ಕಿಲ್ಲ."

ಸದಾ ಚೇಷ್ಟೆ ಮಾಡುವ ಮೌಶಿ ಆ ಹೆಂಗಸಿನ ಒದ್ದೆ ಕೈ ಹಿಡಿದುಕೊಂಡು, ಅಷ್ಟು ಜನರ ನಡುವೆ, ಸಣ್ಣ ಮಗುವಿನ ಹಾಗೆ ಅತ್ತುಬಿಟ್ಟಳು.