ಓಡಲಿಕ್ಕೊಂದು ಬ್ರಾ

ನಮ್ಮ ಮಾವಶಿಗೆ ಕಲಬುರಗಿಯ ಅರ್ಧ ಅಂಗಡಿಗಳಲ್ಲಿ ಪ್ರವೇಶವಿಲ್ಲ ಎಂದು ಮನೆಯವರು ಹೇಳುತ್ತಾರೆ. ಅಪ್ಪಟ ಸುಳ್ಳು! ಮೂರೇ ಅಂಗಡಿ. ಅದರಲ್ಲೂ ಒಂದರ ಮಾಲೀಕರು ಆಮೇಲೆ ರಾಜಿಯಾದರು.

ಅಮ್ಮನ ಈ ತಂಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಪ್ರಯೋಗ ಮಾಡದೆ ಯಾವುದನ್ನೂ ನಂಬುವವಳಲ್ಲ. ಚಪ್ಪಲಿ ಕೊಳ್ಳಲು ಹೋದರೆ ಅಂಗಡಿಯ ಮೆಟ್ಟಿಲನ್ನು ಹನ್ನೆರಡು ಸಲ ಹತ್ತಿ ಇಳಿಯುತ್ತಿದ್ದಳು. ಕೊಡೆ ಕೊಳ್ಳಲು ಹೋದಾಗ ಒಂದು ತಂಬಿಗೆ ನೀರು ತರಿಸಿ, ಅಂಗಡಿಯವನನ್ನೇ ಕೊಡೆಯ ಕೆಳಗೆ ನಿಲ್ಲಿಸಿ ಸುರಿದಳು. ಕೊಡೆ ಸೋರಿತು. ರಾಜಿಯಾಗದವರಲ್ಲಿ ಆತನೂ ಒಬ್ಬ.

ತೊಂಬತ್ತರ ದಶಕದಲ್ಲಿ ನಾನು ಜೇವರ್ಗಿ ಕಾಲೋನಿಯ ಅವಳ ಮನೆಯಲ್ಲೇ ಇದ್ದೆ. ವಯಸ್ಸು ಇಪ್ಪತ್ತೆರಡು. ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಉಳಿದದ್ದೆಲ್ಲ ಮುಗಿದು ನಾಲ್ಕು ನೂರು ಮೀಟರ್ ಓಟವೊಂದೇ ಬಾಕಿಯಿತ್ತು. ಅದರಲ್ಲಿ ಸೋತರೆ ಬರುವ ತಿಂಗಳೇ ವರ ನೋಡುವುದು ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದರು. ಹಾಗಾಗಿ ದಿನಾ ಬೆಳಿಗ್ಗೆ ಮೈದಾನದಲ್ಲಿ ನಾನು ಓಡುತ್ತಿದ್ದೆ, ಮಾವಶಿ ಗಡಿಯಾರ ಹಿಡಿದು ನಿಲ್ಲುತ್ತಿದ್ದಳು. ಪ್ರತಿ ಸಲವೂ ತಡ!

"ಯಾಕ ಹಂಗ ಎದಿಗೆ ಕೈ ಕಟಗೊಂಡು ಓಡ್ತಿ? ಚಳಿ ಹತ್ತೇದೇನು?"

"ಏನಿಲ್ಲ ಮಾವಶಿ."

"ಏನಿಲ್ಲ ಅಂದ್ರ ಏನೋ ಅದ. ಹೇಳು."

ಹೇಳಿದೆ. ಓಡಿದರೆ ನೋವಾಗುತ್ತದೆ, ನೋಡುವವರಿದ್ದರೆ ನಾಚಿಕೆಯಾಗುತ್ತದೆ. ಇದರಲ್ಲಿ ಆಶ್ಚರ್ಯವೇನು? ಆಗ ಬ್ರಾ ಕೊಳ್ಳುವ ರೀತಿಯೇ ಹಾಗಿತ್ತು. ಅಮ್ಮ ಅಂಗಡಿಗೆ ಹೋಗಿ ಪಿಸುಮಾತಿನಲ್ಲಿ ಒಂದು ನಂಬರು ಹೇಳಬೇಕು, ಅಂಗಡಿಯವನು ಬೇರೆಲ್ಲೋ ನೋಡುತ್ತ ಪೇಪರಿನಲ್ಲಿ ಸುತ್ತಿ ಕೊಡಬೇಕು. ಬೆಳೆಯುವ ಹುಡುಗಿ ಎಂದು ಒಂದು ಸೈಜು ದೊಡ್ಡದನ್ನೇ ತರುವುದು ನಮ್ಮ ಮನೆಯ ಪದ್ಧತಿ. ಇಪ್ಪತ್ತೆರಡಕ್ಕೂ ನಾನು ಇನ್ನೆಲ್ಲಿ ಬೆಳೆಯಬೇಕಿತ್ತೋ ದೇವರೇ ಬಲ್ಲ!

"ಅಳತಿನೇ ತಪ್ಪು ಅದ!" ಎಂದಳು ಮಾವಶಿ. ಮನೆಗೆ ಬಂದು ಸ್ನಾನ ಮಾಡಿ, ಮಡಿಯುಟ್ಟು ಅಡುಗೆಗೆ ನಿಂತ ಮೇಲೂ ಅದೇ ಯೋಚನೆ. ಮಡಿಯಲ್ಲಿ ನನ್ನನ್ನು ಮುಟ್ಟುವಂತಿಲ್ಲ, ಮಧ್ಯಾಹ್ನದವರೆಗೆ ಕಾಯುವ ತಾಳ್ಮೆಯೂ ಇಲ್ಲ. ಕೋಣೆಯಲ್ಲಿದ್ದ ನನಗೆ ಅಡುಗೆಮನೆಯಿಂದಲೇ ಆಜ್ಞೆಗಳು ಹೊರಟವು.

"ಟೇಪು ಎದಿ ಕೆಳಗ ಸುತ್ತು! ಬಿಗಿಯಾಗಿ! ಉಸರು ಬಿಡು! ಎಷ್ಟು ಬಂತು? ಜೋರಾಗಿ ಹೇಳು, ಒಗ್ಗರಣಿ ಹಾಕಾಕತ್ತೀನಿ!"

ಪಕ್ಕದ ಮನೆಯ ಕಾಕಾ ರೇಡಿಯೊದ ಸದ್ದು ಹೆಚ್ಚಿಸಿದರು.

ಆ ಸಂಜೆಯೇ ಸೇಡಂ ರಸ್ತೆಯ ಒಂದು ಅಂಗಡಿಗೆ ಹೋದೆವು. ಸ್ಪೋರ್ಟ್ಸ್ ಬ್ರಾ ಎಂಬ ಹೆಸರನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

"ಓಡೂದಕ್ಕ ಒಂದು ಬ್ರಾ ಕೊಡ್ರಿ," ಎಂದಳು ಮಾವಶಿ, ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ.

ಅಂಗಡಿಯವನು ಫ್ಯಾನು ನೋಡುತ್ತ, "ಓಡೂದಕ್ಕ ಬೂಟು ಇರ್ತಾವ್ರಿ ಅಕ್ಕಾರ. ಅವು ಮುಂದಿನ ಅಂಗಡ್ಯಾಗ," ಎಂದ. ಕೊನೆಗೆ ಒಂದು ಡಬ್ಬಿ ಇಳಿಸಿದ. ಮಾವಶಿ ಒಂದರ ಪಟ್ಟಿಯನ್ನು ಎರಡೂ ಕೈಯಿಂದ ಜಗ್ಗಿ ನೋಡಿದಳು. "ಹಾಕ್ಕೊಂಡು ಜಿಗದು ನೋಡಬೇಕ್ರಿ. ಈಕಿ ಎಲ್ಲಿ ಜಿಗೀಬೇಕು?"

"ಇಲ್ಲಿ ಜಿಗೀಬ್ಯಾಡ್ರಿ ತಾಯಿ, ಕೈ ಮುಗೀತೀನಿ!"

ಅದೇ ಮೂರನೇ ಅಂಗಡಿ.

ಭಾನುವಾರ ನನ್ನನ್ನು ಕರೆದುಕೊಂಡು ಕಮಲಾಪುರದ ಬಸ್ಸು ಹತ್ತಿದಳು. ಅಲ್ಲಿ ಅವಳ ಕುಪ್ಪಸ ಹೊಲಿಯುವ ಆಪಾ ಇದ್ದರು. ನನ್ನ ಕತೆ ಕೇಳಿ ಅವರು ನಗಲಿಲ್ಲ. "ಇತ್ತೇ ದಿನ ಐಸಾಚ್ ದೌಡೀ ಕ್ಯಾ ಬೇಟಿ?" ಎಂದು, ಇಷ್ಟು ದಿನ ಹೀಗೇ ಓಡಿದೆನಲ್ಲಾ ಎಂದು ಮರುಗಿದರು. ದಪ್ಪ ಹತ್ತಿ ಬಟ್ಟೆ, ಅಗಲ ಎಲಾಸ್ಟಿಕ್, ಬೆನ್ನ ಮೇಲೆ ಅಡ್ಡಹಾಯುವ ಅಗಲ ಪಟ್ಟಿ, ಇಷ್ಟನ್ನು ಇಬ್ಬರೂ ಜಗಳಾಡುತ್ತ ತೀರ್ಮಾನಿಸಿದರು. ಪರೀಕ್ಷೆ ನಡೆದದ್ದು ಆಪಾ ಮನೆಯ ಹಿಂದಿನ ಬಾಳೆ ತೋಟದಲ್ಲಿ. ಕೈ ಮೇಲೆತ್ತಿದರೆ ಕೆಳಗಿನ ಪಟ್ಟಿ ಏರಬಾರದು, ಹೆಗಲ ಪಟ್ಟಿಯೊಳಗೆ ಎರಡು ಬೆರಳು ಹಿಡಿಸಬೇಕು, ಇಪ್ಪತ್ತು ಸಲ ಜಿಗಿದರೂ ಎದೆ ಅಲುಗಬಾರದು. ಮೊದಲನೆಯದು ಕೈಯೆತ್ತಿದ ಕೂಡಲೇ ಮೇಲೇರಿತು. ಎರಡನೆಯದರಲ್ಲಿ ಉಸಿರೇ ಆಡಲಿಲ್ಲ.

"ಬಿಗಿ ಇದ್ರ ಛಲೋ ಅಲ್ಲೇನು?" ಎಂದಳು ಮಾವಶಿ.

"ಉಸರೇ ಇಲ್ಲ ಅಂದ್ರ ಪೊಲೀಸಮ್ಮ ಕಳ್ಳನ್ನ ಹೆಂಗ ಹಿಡೀತಾಳ್ರೀ ಟೀಚರಮ್ಮಾ?" ಎಂದು ಆಪಾ ಹೊಲಿಗೆ ಬಿಚ್ಚಿದರು.

ಮೂರನೆಯದನ್ನು ತೊಟ್ಟು ಬಾಳೆ ಸಾಲಿನ ನಡುವೆ ಓಡಿದೆ. ಆ ತುದಿ ಮುಟ್ಟಿದಾಗಲೇ ನನ್ನ ಗಮನಕ್ಕೆ ಬಂದದ್ದು, ಕೈಗಳು ಎದೆಯ ಮೇಲಿರಲಿಲ್ಲ! ನನಗಾದ ಸಂತೋಷ ಹೇಳತೀರದು. ತೋಟದ ಯಜಮಾನರು ಗಾಬರಿಯಿಂದ ಓಡಿ ಬಂದು, "ಯಾರು ಬೆನ್ನ ಹತ್ಯಾರವ್ವಾ?" ಎಂದರು.

"ಇನ್ನೂ ಯಾರಿಲ್ರಿ," ಎಂದಳು ಮಾವಶಿ. "ನೌಕರಿ ಆಗ್ಲಿ, ಆಮ್ಯಾಲ ಈಕಿನೇ ಬೆನ್ನ ಹತ್ತಾಕಿ."

ಓಟದ ದಿನ ಅಪ್ಪನೂ ಬಂದಿದ್ದರು. ಓಡಿದೆ. ಅಷ್ಟೇ ನೆನಪು, ಉಳಿದದ್ದು ಬರೀ ಗಾಳಿ. ಬೇಲಿಯ ಬಳಿ ಬರುವಷ್ಟರಲ್ಲಿ ಅಪ್ಪ, "ಎಷ್ಟು ಸೆಕೆಂಡು? ಪಾಸಾದೇನು?" ಎಂದು ಕೂಗುತ್ತಿದ್ದರು. ಪಾಸಾಗಿದ್ದೆ. ಅವರು ಸುದ್ದಿ ಹೇಳಲು ಫೋನು ಹುಡುಕಿಕೊಂಡು ಹೋದರು.

ಮಾವಶಿ ಸೆಕೆಂಡು ಕೇಳಲಿಲ್ಲ. ಹತ್ತಿರ ಬಂದು ಮೆಲ್ಲಗೆ, "ನೋವಾತೇನು?" ಎಂದಳು.

"ಇಲ್ಲ ಮಾವಶಿ. ಒಂಚೂರೂ ಇಲ್ಲ."

ಕೈಯಲ್ಲಿದ್ದ ಗಡಿಯಾರವನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿದಳು.

"ನಾನೂ ಓಡ್ತಿದ್ದೆ. ಸಾಲ್ಯಾಗ ನಾನೇ ಫಸ್ಟ್. ಒಂಬತ್ತನೇ ಈಯತ್ತಿನಾಗ ಬಿಟ್ಟೆ. ನನ್ನ ಮೈಯಾಗ ಏನೋ ದೋಷ ಅದ ಅಂತ ತಿಳಕೊಂಡಿದ್ದೆ. ಯಾಕ ಬಿಟ್ಟಿ ಅಂತ ಒಬ್ಬರೂ ಕೇಳಲಿಲ್ಲ ನೋಡು."

ಇಷ್ಟು ವರ್ಷ ನಾನೂ ಅವಳನ್ನು ಕಂಡು ನಕ್ಕವಳೇ. ಅಷ್ಟು ಜನರ ಎದುರಿಗೇ ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.